ದತ್ತಾಂಶ ಖಾಸಗಿತನ: ವೃತ್ತಿ ತರಬೇತಿ ಮತ್ತು ಸಮ್ಮೇಳನಗಳು

ಹೆಸರು, ವಿಳಾಸ, ಆರೋಗ್ಯ, ಹಣಕಾಸು, ಬೆರಳಚ್ಚು ಮುಂತಾದ ವೈಯಕ್ತಿಕ ಮಾಹಿತಿಯನ್ನು ಪಡೆದು ಬಳಸುವ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟಿನೊಳಗೆ ನಡೆದುಕೊಳ್ಳುವುದನ್ನು ಕಲಿಸುವ ಕೋರ್ಸು, ಪ್ರಮಾಣಪತ್ರ ಪರೀಕ್ಷೆ, ಕಾರ್ಯಾಗಾರ ಮತ್ತು ಸಮ್ಮೇಳನಗಳ ಒಟ್ಟು ಕ್ಷೇತ್ರವಿದು. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಯುರೋಪಿನ ಕೆಲವೇ ಅಧಿಕಾರಿಗಳ ಚರ್ಚೆಯಾಗಿ ಆರಂಭವಾದ ಇದು ಈಗ ವಕೀಲರು, ಸಾಫ್ಟ್‌ವೇರ್ ಎಂಜಿನಿಯರುಗಳು, ಲೆಕ್ಕಪರಿಶೋಧಕರು, ಆಸ್ಪತ್ರೆಯ ಸಿಬ್ಬಂದಿ, ಸರ್ಕಾರಿ ನೌಕರರು ಎಲ್ಲರನ್ನೂ ಒಳಗೊಂಡಿದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮತ್ತು 2025ರ ನಿಯಮಗಳು ಬಂದ ಮೇಲೆ ಇಂಥ ಕಲಿಕೆಯ ಅಗತ್ಯ ಇನ್ನೂ ಹೆಚ್ಚಿದೆ. ಕಾಯ್ದೆಯ ಮಾತು ಎಷ್ಟೇ ಬಿಗಿಯಾಗಿರಲಿ, ಜನರ ಮಾಹಿತಿಯನ್ನು ದಿನನಿತ್ಯ ಮುಟ್ಟುವ ಕೈಗಳು ಪಳಗದೆ ಖಾಸಗಿತನ ಉಳಿಯುವುದಿಲ್ಲ ಎಂಬುದು ಈ ಕ್ಷೇತ್ರದ ಅರ್ಧ ಶತಮಾನದ ಅನುಭವ ಕಲಿಸಿದ ಮುಖ್ಯ ಪಾಠ.

ತರಬೇತಿಯ ಅಗತ್ಯ

ಮಾಹಿತಿ ಸೋರಿಕೆ ಎಂದೊಡನೆ ಎಲ್ಲೋ ಕುಳಿತು ಕಂಪ್ಯೂಟರ್‌ಗೆ ಕನ್ನ ಹಾಕುವ ಹ್ಯಾಕರ್ ನೆನಪಾಗುತ್ತಾನೆ. ಆದರೆ ಭಾರೀ ಹಾನಿ ಮಾಡಿದ ಎಷ್ಟೋ ಪ್ರಕರಣಗಳು ಕಚೇರಿಯ ಮಾಮೂಲಿ ಕೆಲಸದ ನಡುವೆಯೇ ಹುಟ್ಟಿವೆ. 2020ರ ಫೆಬ್ರುವರಿಯಲ್ಲಿ ಎಚ್‌ಐವಿ ಸ್ಕಾಟ್ಲೆಂಡ್ ಎಂಬ ಸೇವಾಸಂಸ್ಥೆ 105 ಜನರಿಗೆ ಒಂದು ಇಮೇಲ್ ಕಳಿಸಿತು. ವಿಳಾಸಗಳನ್ನು ಒಬ್ಬರದು ಇನ್ನೊಬ್ಬರಿಗೆ ಕಾಣದ ‘ಬಿಸಿಸಿ’ ಸಾಲಿನಲ್ಲಿ ಹಾಕಬೇಕಿತ್ತು; ಹಾಕಿದ್ದು ಎಲ್ಲರಿಗೂ ಕಾಣುವ ಸಾಲಿನಲ್ಲಿ. 65 ವಿಳಾಸಗಳಲ್ಲಿ ವ್ಯಕ್ತಿಯ ಹೆಸರೇ ಇತ್ತು. ಆ ಪಟ್ಟಿಯನ್ನು ನೋಡಿದವರು ಅದರಲ್ಲಿದ್ದವರ ಆರೋಗ್ಯದ ಬಗ್ಗೆ ಏನು ಊಹಿಸಿಕೊಳ್ಳಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2021ರಲ್ಲಿ ಸಂಸ್ಥೆಗೆ 10,000 ಪೌಂಡ್ ದಂಡ ವಿಧಿಸಿತು. ಸಿಬ್ಬಂದಿಗೆ ಸಾಕಷ್ಟು ತರಬೇತಿ ಸಿಗದಿದ್ದುದನ್ನು ಲೋಪಗಳ ಪಟ್ಟಿಯಲ್ಲಿ ಸೇರಿಸಿತು.

2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತವಾಯಿತು. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಹೊರಬಿಟ್ಟ ಸ್ಪ್ರೆಡ್‌ಶೀಟ್‌ನಲ್ಲಿ, ಮೇಲ್ನೋಟಕ್ಕೆ ಕಾಣದ ಒಂದು ಹಾಳೆ ಹಾಗೆಯೇ ಉಳಿದುಬಿಟ್ಟಿತ್ತು. 9,483 ಅಧಿಕಾರಿ ಮತ್ತು ನೌಕರರ ಉಪನಾಮ, ಹುದ್ದೆ, ಕೆಲಸದ ವಿವರ ಅದರಲ್ಲಿದ್ದವು. ಪೊಲೀಸರಾಗಿದ್ದೇವೆಂಬುದನ್ನು ನೆರೆಹೊರೆಯಿಂದಲೂ ಮುಚ್ಚಿಟ್ಟು ಬದುಕುವವರಿರುವ ನಾಡಿನಲ್ಲಿ ಇದು ಜೀವಭಯದ ವಿಷಯ. 2024ರಲ್ಲಿ ಇಲಾಖೆಗೆ 7.5 ಲಕ್ಷ ಪೌಂಡ್ ದಂಡ ಬಿತ್ತು. ಕಡತ ಹೊರಹೋಗುವ ಮುನ್ನ ಮರೆಯಾದ ಹಾಳೆ, ಅಡ್ಡಸಾಲು, ಕಂಬಸಾಲುಗಳಿವೆಯೇ ಎಂದು ಪರೀಕ್ಷಿಸುವ ಅಭ್ಯಾಸವೊಂದಿದ್ದರೆ ಇದು ತಪ್ಪುತ್ತಿತ್ತು. ಇಂದಿನ ತರಬೇತಿ ಶಿಬಿರಗಳಲ್ಲಿ ಈ ಎರಡು ಪ್ರಕರಣಗಳಂಥವನ್ನು ಪಾಠವಾಗಿ ಬಳಸುವುದು ಇದೇ ಕಾರಣಕ್ಕೆ.

ಕಾನೂನಿನ ಆಧಾರ

ಹಲವು ದೇಶಗಳಲ್ಲಿ ಸಿಬ್ಬಂದಿಗೆ ತರಬೇತಿ ಕೊಡುವುದು ಸಂಸ್ಥೆಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 2018ರ ಮೇ 25ರಂದು ಜಾರಿಗೆ ಬಂದ ಯುರೋಪ್ ಒಕ್ಕೂಟದ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿ, ಅಂದರೆ ಜಿಡಿಪಿಆರ್, ತನ್ನ 39ನೇ ವಿಧಿಯಲ್ಲಿ ಮಾಹಿತಿಯನ್ನು ನಿರ್ವಹಿಸುವ ಸಿಬ್ಬಂದಿಯ ಅರಿವು ಮತ್ತು ತರಬೇತಿಯನ್ನು ನೋಡಿಕೊಳ್ಳುವುದನ್ನು ದತ್ತಾಂಶ ಸಂರಕ್ಷಣಾ ಅಧಿಕಾರಿಯ ಕರ್ತವ್ಯಗಳಲ್ಲಿ ಸೇರಿಸಿದೆ. ಆ ಅಧಿಕಾರಿಯ ಪರಿಣತಿ ಹಳತಾಗದಂತೆ ಬೇಕಾದ ಅನುಕೂಲವನ್ನು ಸಂಸ್ಥೆಯೇ ಒದಗಿಸಬೇಕೆಂದು 38ನೇ ವಿಧಿ ಹೇಳುತ್ತದೆ. ಹಾಗಾಗಿ ಸಮ್ಮೇಳನಕ್ಕೆ ಹೋಗಿ ಬರುವ ಖರ್ಚನ್ನು ಸಂಸ್ಥೆ ಭರಿಸುವುದಕ್ಕೂ ಅಲ್ಲಿ ಕಾನೂನಿನ ಬಲವಿದೆ. ತೀವ್ರ ಉಲ್ಲಂಘನೆಗೆ 2 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಇವೆರಡರಲ್ಲಿ ಹೆಚ್ಚಿನದರವರೆಗೆ ದಂಡ ವಿಧಿಸಬಹುದಾದ್ದರಿಂದ ಆಡಳಿತ ಮಂಡಳಿಗಳೂ ಈ ವಿಷಯಕ್ಕೆ ಕಿವಿಗೊಟ್ಟವು.

ಅಮೆರಿಕದಲ್ಲಿ ಎಲ್ಲ ಕ್ಷೇತ್ರಗಳಿಗೂ ಅನ್ವಯಿಸುವ ಒಂದೇ ಒಕ್ಕೂಟ ಕಾನೂನಿಲ್ಲ. 1996ರ ಹಿಪಾ ಕಾಯ್ದೆಯಡಿ ಬಂದ ಖಾಸಗಿತನ ನಿಯಮದಂತೆ ಆಸ್ಪತ್ರೆ ಮತ್ತು ಆರೋಗ್ಯವಿಮಾ ಸಂಸ್ಥೆಗಳು ತಮ್ಮ ಎಲ್ಲ ಸಿಬ್ಬಂದಿಗೂ ತರಬೇತಿ ಕೊಡಬೇಕು. ನೀತಿಯಲ್ಲಿ ಮುಖ್ಯ ಬದಲಾವಣೆ ಆದಾಗ ಸಂಬಂಧಪಟ್ಟವರಿಗೆ ಮತ್ತೆ ಕಲಿಸಬೇಕು. ಕಲಿಸಿದ್ದಕ್ಕೆ ದಾಖಲೆ ಇಡಬೇಕು. ಕ್ಯಾಲಿಫೋರ್ನಿಯಾದ 2018ರ ಗ್ರಾಹಕ ಖಾಸಗಿತನ ಕಾಯ್ದೆ ಗ್ರಾಹಕರ ವಿಚಾರಣೆಗಳಿಗೆ ಉತ್ತರಿಸುವ ನೌಕರರಿಗೆ ಕಾನೂನಿನ ತಿಳಿವಳಿಕೆ ಇರಲೇಬೇಕೆನ್ನುತ್ತದೆ. ಸಿಂಗಪುರದಲ್ಲಿ ಪ್ರತಿಯೊಂದು ಸಂಸ್ಥೆಯೂ ಒಬ್ಬ ದತ್ತಾಂಶ ಸಂರಕ್ಷಣಾ ಅಧಿಕಾರಿಯನ್ನಾದರೂ ಹೊಂದಿರಬೇಕು. ಅಂಥವರು ಯಾವ ಹಂತದಲ್ಲಿ ಏನನ್ನು ಕಲಿತಿರಬೇಕೆಂಬ ಸಾಮರ್ಥ್ಯ ಚೌಕಟ್ಟನ್ನು ಅಲ್ಲಿನ ನಿಯಂತ್ರಕರು 2019ರಲ್ಲಿ ಪ್ರಕಟಿಸಿದರು.

ಇತಿಹಾಸ

ಜಗತ್ತಿನ ಮೊದಲ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 1970ರಲ್ಲಿ, ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಕಾಯ್ದೆಯನ್ನು 1973ರಲ್ಲಿ ಸ್ವೀಡನ್ ಮಾಡಿತು. 1977ರಲ್ಲಿ ಅಂಗೀಕಾರವಾದ ಜರ್ಮನಿಯ ಒಕ್ಕೂಟ ಕಾಯ್ದೆ ಖಾಸಗಿ ಕಂಪನಿಗಳಲ್ಲೂ ದತ್ತಾಂಶ ಸಂರಕ್ಷಣಾ ಅಧಿಕಾರಿಯ ನೇಮಕವನ್ನು ಕಡ್ಡಾಯ ಮಾಡಿದಾಗ ಒಂದು ಹೊಸ ವೃತ್ತಿ ಹುಟ್ಟಿತು. ಹೊಸ ಹುದ್ದೆಗೆ ಬಂದವರಿಗೆ ಕಲಿಸುವವರು ಬೇಕಾದರು, ತಮ್ಮಂಥವರೊಡನೆ ಕೂತು ಮಾತಾಡುವ ವೇದಿಕೆಯೂ ಬೇಕಾಯಿತು. ಜಿಡಿಡಿ ಎಂಬ ಜರ್ಮನ್ ಸಂಘ ಕಲೋನ್ ನಗರದಲ್ಲಿ ನಡೆಸುವ ‘ದಾಫ್ಟಾ’ ಸಮ್ಮೇಳನ ಬೆಳೆದದ್ದು ಈ ಅಗತ್ಯದಿಂದಲೇ.

ನಿಯಂತ್ರಕ ಅಧಿಕಾರಿಗಳು ಮೊದಲ ಬಾರಿಗೆ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಟ್ಟುಗೂಡಿದ್ದು 1979ರಲ್ಲಿ, ಬಾನ್ ನಗರದಲ್ಲಿ. ಆ ಸಮ್ಮೇಳನ 2019ರಿಂದ ಗ್ಲೋಬಲ್ ಪ್ರೈವಸಿ ಅಸೆಂಬ್ಲಿ ಎಂದು ಕರೆಸಿಕೊಳ್ಳುತ್ತಿದೆ. 1981ರ ಜನವರಿ 28ರಂದು ದತ್ತಾಂಶ ಸಂರಕ್ಷಣೆ ಕುರಿತ ಯುರೋಪ್ ಮಂಡಳಿಯ 108ನೇ ಒಡಂಬಡಿಕೆಯನ್ನು ಸಹಿಗೆ ತೆರೆಯಲಾಯಿತು. ಅದರ ನೆನಪಿಗಾಗಿ 2007ರಿಂದ ಜನವರಿ 28 ಯುರೋಪಿನಲ್ಲಿ ದತ್ತಾಂಶ ಸಂರಕ್ಷಣಾ ದಿನ. ಈಗ ಅನೇಕ ದೇಶಗಳ ಕಂಪನಿಗಳು ಸಿಬ್ಬಂದಿಯ ವಾರ್ಷಿಕ ಜಾಗೃತಿ ಕಾರ್ಯಕ್ರಮವನ್ನು ಆ ದಿನದ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತವೆ.

ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಪ್ರೈವಸಿ ಪ್ರೊಫೆಷನಲ್ಸ್, ಅಂದರೆ ಐಎಪಿಪಿ, ಈ ಕ್ಷೇತ್ರದ ಬಹುದೊಡ್ಡ ವೃತ್ತಿಸಂಘ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ ಅದರ ಕೇಂದ್ರ ಕಚೇರಿ ಇದೆ. ಜಿಡಿಪಿಆರ್ ಅಂಗೀಕಾರವಾದ 2016ರಲ್ಲಿ ಐಎಪಿಪಿ ಮಾಡಿದ ಅಂದಾಜಿನಂತೆ ಜಗತ್ತಿನಾದ್ಯಂತ ಸುಮಾರು 75,000 ದತ್ತಾಂಶ ಸಂರಕ್ಷಣಾ ಅಧಿಕಾರಿಗಳು ಬೇಕಾಗಿದ್ದರು. ತರಬೇತಿ ಪಡೆದವರ ಕೊರತೆ ಎಲ್ಲರ ಕಣ್ಣಿಗೂ ಬಿದ್ದ ಕಾಲವದು.

ಪ್ರಮಾಣಪತ್ರಗಳು

ಐಎಪಿಪಿಯ ಸಿಐಪಿಪಿ ಪರೀಕ್ಷೆ 2004ರಲ್ಲಿ ಆರಂಭವಾಯಿತು. ಅಮೆರಿಕ, ಯುರೋಪ್, ಏಷ್ಯಾ ಹೀಗೆ ಪ್ರದೇಶಕ್ಕೊಂದು ಪ್ರಕಾರ ಇದರಲ್ಲಿದೆ. ಸಿಐಪಿಪಿ ಕಾನೂನಿನ ತಿಳಿವಳಿಕೆಯನ್ನು ಅಳೆದರೆ, ಸಿಐಪಿಎಂ ಸಂಸ್ಥೆಯೊಳಗೆ ಖಾಸಗಿತನದ ವ್ಯವಸ್ಥೆಯನ್ನು ಕಟ್ಟಿ ನಡೆಸುವ ಶಕ್ತಿಯನ್ನೂ, ಸಿಐಪಿಟಿ ತಂತ್ರಜ್ಞರ ಅರಿವನ್ನೂ ಅಳೆಯುತ್ತವೆ. ಸಿಐಪಿಪಿ ಎರಡೂವರೆ ಗಂಟೆಯ, 90 ಪ್ರಶ್ನೆಗಳ ಪರೀಕ್ಷೆ. 500 ಅಂಕಗಳಿಗೆ 300 ಬಂದರೆ ತೇರ್ಗಡೆ. ಪ್ರಮಾಣಪತ್ರ ಉಳಿಯಬೇಕಾದರೆ ಎರಡು ವರ್ಷಕ್ಕೊಮ್ಮೆ 20 ಅಂಕಗಳಷ್ಟು ಮುಂದುವರಿದ ಶಿಕ್ಷಣ ಪಡೆದಿರಬೇಕು. ಸಮ್ಮೇಳನ, ವೆಬಿನಾರ್‌ಗಳಿಗೆ ವೃತ್ತಿಪರರು ವರ್ಷವರ್ಷವೂ ಮರಳಿ ಬರುವುದರ ಹಿಂದೆ ಈ ನಿಯಮವೂ ಕೆಲಸ ಮಾಡುತ್ತದೆ. ಕೃತಕ ಬುದ್ಧಿಮತ್ತೆಯ ಆಡಳಿತ ಕುರಿತ ಎಐಜಿಪಿ ಇತ್ತೀಚಿನ ಸೇರ್ಪಡೆ.

ಲೆಕ್ಕಪರಿಶೋಧನೆ ಮತ್ತು ಭದ್ರತೆಯ ಕ್ಷೇತ್ರದ ಐಸಾಕಾ ಸಂಸ್ಥೆ 2020ರಲ್ಲಿ ಸಿಡಿಪಿಎಸ್‌ಇ ಎಂಬ ಪ್ರಮಾಣಪತ್ರವನ್ನು ತಂದಿತು. ಖಾಸಗಿತನದ ನಿರ್ವಹಣೆ ಕುರಿತ ಐಎಸ್‌ಒ 27701 ಮಾನದಂಡ 2019ರಲ್ಲಿ ಪ್ರಕಟವಾದ ಮೇಲೆ ಅದನ್ನು ಅಳವಡಿಸುವವರಿಗೂ ಪರಿಶೋಧಿಸುವವರಿಗೂ ಬೇರೆ ಬೇರೆ ಕೋರ್ಸುಗಳು ಬಂದವು. ಫ್ರಾನ್ಸಿನ ನಿಯಂತ್ರಕ ಸಂಸ್ಥೆ ಸಿಎನ್‌ಐಎಲ್ ಹಿಡಿದ ದಾರಿ ಇನ್ನೂ ಉದಾರವಾದದ್ದು. ಅದು 2019ರಲ್ಲಿ ಜಿಡಿಪಿಆರ್ ಕುರಿತ ಆನ್‌ಲೈನ್ ಕೋರ್ಸೊಂದನ್ನು ಯಾರು ಬೇಕಾದರೂ ಉಚಿತವಾಗಿ ಕಲಿಯುವಂತೆ ತೆರೆದಿಟ್ಟಿತು. ಕಾನೂನನ್ನು ಜಾರಿ ಮಾಡುವವರೇ ಕಲಿಸುವ ಹೊಣೆಯನ್ನೂ ಹೊತ್ತರೆ, ದುಬಾರಿ ಶುಲ್ಕ ಕೊಡಲಾಗದ ಸಣ್ಣ ಸಂಸ್ಥೆಗಳಿಗೂ ಪಂಚಾಯಿತಿಗಳಿಗೂ ಕಲಿಕೆ ಎಟುಕುತ್ತದೆ. ಅನುಕರಿಸಲು ಯೋಗ್ಯವಾದ ಮಾದರಿ ಇದು.

ಸಮ್ಮೇಳನಗಳ ಬಗೆಗಳು

ಈ ಕ್ಷೇತ್ರದ ಸಮ್ಮೇಳನಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ನಿಯಂತ್ರಕರ ಸಮ್ಮೇಳನ. ಗ್ಲೋಬಲ್ ಪ್ರೈವಸಿ ಅಸೆಂಬ್ಲಿಯಲ್ಲಿ ನಾನಾ ದೇಶಗಳ ಆಯುಕ್ತರು ಬಾಗಿಲು ಮುಚ್ಚಿದ ಅಧಿವೇಶನದಲ್ಲಿ ನಿರ್ಣಯಗಳನ್ನು ಅಂಗೀಕರಿಸುತ್ತಾರೆ. ಸಾರ್ವಜನಿಕ ಅಧಿವೇಶನದಲ್ಲಿ ಉದ್ಯಮ ಮತ್ತು ನಾಗರಿಕ ಸಂಘಟನೆಗಳಿಗೂ ಜಾಗವಿದೆ. ಕೆನಡಾದ ಆನ್‌ಟಾರಿಯೋದ ಆಯುಕ್ತೆಯಾಗಿದ್ದ ಆ್ಯನ್ ಕವೂಕಿಯನ್ ರೂಪಿಸಿದ ‘ಪ್ರೈವಸಿ ಬೈ ಡಿಸೈನ್’ ತತ್ತ್ವವನ್ನು, ಅಂದರೆ ಖಾಸಗಿತನವನ್ನು ವಿನ್ಯಾಸದ ಹಂತದಲ್ಲೇ ಅಳವಡಿಸಬೇಕೆಂಬ ವಿಚಾರವನ್ನು, 2010ರಲ್ಲಿ ಜೆರುಸಲೇಮಿನಲ್ಲಿ ಸೇರಿದ ಆಯುಕ್ತರು ನಿರ್ಣಯವಾಗಿ ಒಪ್ಪಿಕೊಂಡರು. ಮುಂದೆ ಅದೇ ವಿಚಾರ ಜಿಡಿಪಿಆರ್‌ನ 25ನೇ ವಿಧಿಯಲ್ಲಿ ಕಾನೂನಿನ ರೂಪ ಪಡೆಯಿತು.

ಎರಡನೆಯದು ವೃತ್ತಿಪರರ ಸಮ್ಮೇಳನ. ವಾಷಿಂಗ್ಟನ್‌ನಲ್ಲಿ ಐಎಪಿಪಿ ನಡೆಸುವ ಗ್ಲೋಬಲ್ ಪ್ರೈವಸಿ ಸಮ್ಮಿಟ್, ಬ್ರಸೆಲ್ಸ್‌ನಲ್ಲಿ ಅದೇ ಸಂಸ್ಥೆಯ ದತ್ತಾಂಶ ಸಂರಕ್ಷಣಾ ಕಾಂಗ್ರೆಸ್, ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಪ್ರೈವಸಿ ಲಾಸ್ ಆ್ಯಂಡ್ ಬಿಸಿನೆಸ್ ಏರ್ಪಡಿಸುವ ವಾರ್ಷಿಕ ಸಮ್ಮೇಳನ, ಸಿಂಗಪುರದ ಪರ್ಸನಲ್ ಡೇಟಾ ಪ್ರೊಟೆಕ್ಷನ್ ವೀಕ್ ಈ ಸಾಲಿಗೆ ಸೇರುತ್ತವೆ. ನಿಯಂತ್ರಕರು ಮುಂದಿನ ವರ್ಷ ಯಾವುದರ ಮೇಲೆ ಕಣ್ಣಿಡುತ್ತಾರೆಂಬ ಸುಳಿವು ಇಲ್ಲಿನ ಭಾಷಣಗಳಲ್ಲಿ ಸಿಗುತ್ತದೆ. ಕಂಪನಿಗಳ ಅಧಿಕಾರಿಗಳು ತಮ್ಮ ತೊಡಕುಗಳನ್ನು ಹಂಚಿಕೊಂಡು, ಒಬ್ಬರು ಕಂಡುಕೊಂಡ ದಾರಿಯನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಲು ಅವಕಾಶವಾಗುತ್ತದೆ.

ಮೂರನೆಯದು ವಿದ್ವತ್ ಸಮ್ಮೇಳನ. ಬ್ರಸೆಲ್ಸ್‌ನಲ್ಲಿ 2007ರಿಂದ ನಡೆದುಬಂದಿರುವ ಸಿಪಿಡಿಪಿ ಸಮ್ಮೇಳನ ಪ್ರಾಧ್ಯಾಪಕರನ್ನೂ ಹೋರಾಟಗಾರರನ್ನೂ ನೀತಿ ರೂಪಿಸುವವರನ್ನೂ ಒಂದೇ ವೇದಿಕೆಗೆ ತರುತ್ತದೆ. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ಪ್ರೈವಸಿ ಲಾ ಸ್ಕಾಲರ್ಸ್ ಕಾನ್ಫರೆನ್ಸ್‌ನಲ್ಲಿ ಪ್ರಬಂಧವನ್ನು ಬರೆದವರು ಮಂಡಿಸುವುದಿಲ್ಲ. ಇನ್ನೊಬ್ಬ ವಿದ್ವಾಂಸರು ಅದರ ವಾದವನ್ನು ಮುಂದಿಟ್ಟು ವಿಮರ್ಶಿಸುತ್ತಾರೆ, ಎಲ್ಲರೂ ಮೊದಲೇ ಓದಿಕೊಂಡು ಬಂದು ಚರ್ಚಿಸುತ್ತಾರೆ. ನಾಲ್ಕನೆಯದು ತಂತ್ರಜ್ಞರ ಸಮ್ಮೇಳನ. ಬರ್ಕ್ಲಿಯಲ್ಲಿ 2000ದಲ್ಲಿ ಆರಂಭವಾದ ಪೆಟ್ಸ್ ಸಿಂಪೋಸಿಯಂ ಗುರುತು ಮರೆಸುವ, ಗೂಢಲಿಪೀಕರಿಸುವ ವಿಧಾನಗಳ ಸಂಶೋಧನೆಗೆ ಮೀಸಲು. ಯೂಸ್‌ನಿಕ್ಸ್ ಸಂಸ್ಥೆ 2019ರಲ್ಲಿ ಆರಂಭಿಸಿದ ಪೆಪರ್ ಸಮ್ಮೇಳನದಲ್ಲಿ ಎಂಜಿನಿಯರುಗಳು ತಾವು ಕಟ್ಟಿದ ವ್ಯವಸ್ಥೆಗಳ ಅನುಭವವನ್ನು ಹೇಳಿಕೊಳ್ಳುತ್ತಾರೆ.

ಕಲಿಸುವ ವಿಷಯ ಮತ್ತು ವಿಧಾನ

ಉತ್ತಮ ತರಬೇತಿಯ ಮೊದಲ ಪಾಠ ಮಾಹಿತಿಯ ನಕ್ಷೆ ಬರೆಯುವುದು: ಯಾರ ಯಾವ ಮಾಹಿತಿ ನಮ್ಮಲ್ಲಿದೆ, ಎಲ್ಲಿಂದ ಬಂತು, ಯಾವ ಉದ್ದೇಶಕ್ಕೆ, ಯಾರ ಕೈಗೆ ಹೋಗುತ್ತದೆ, ಎಂದು ಅಳಿಸಬೇಕು. ಈ ಐದು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದ ಸಂಸ್ಥೆ ಉಳಿದ ಯಾವ ಕರ್ತವ್ಯವನ್ನೂ ನೆಟ್ಟಗೆ ಮಾಡಲಾರದು. ಆಮೇಲೆ ಒಪ್ಪಿಗೆ ಪಡೆಯುವ ಕ್ರಮ, ಸೂಚನಾಪತ್ರದ ಬರವಣಿಗೆ, ನಾಗರಿಕರ ಕೋರಿಕೆಗಳಿಗೆ ಉತ್ತರಿಸುವ ರೀತಿ, ಹೊರಗುತ್ತಿಗೆ ಪಡೆದವರೊಡನೆ ಮಾಡಿಕೊಳ್ಳುವ ಕರಾರು, ಹೊಸ ಯೋಜನೆಯಿಂದಾಗುವ ಪರಿಣಾಮದ ಮೌಲ್ಯಮಾಪನ, ಗಡಿಯಾಚೆ ಮಾಹಿತಿ ಕಳಿಸುವ ನಿಬಂಧನೆಗಳು ಬರುತ್ತವೆ.

ಸೋರಿಕೆಯ ಅಣಕು ಪ್ರಯೋಗ ಬಹಳ ಫಲಕಾರಿಯಾದ ವಿಧಾನ. ‘ಶುಕ್ರವಾರ ಸಂಜೆ ಸರ್ವರ್‌ನಿಂದ ರೋಗಿಗಳ ಕಡತ ಹೊರಹೋಗಿದೆ’ ಎಂಬಂಥ ಸನ್ನಿವೇಶವನ್ನು ಮುಂದಿಟ್ಟು ಕಾನೂನು, ತಂತ್ರಜ್ಞಾನ, ಸಂಪರ್ಕ ವಿಭಾಗದವರನ್ನು ಒಂದೇ ಮೇಜಿನ ಸುತ್ತ ಕೂರಿಸಿ ನಿರ್ಧಾರ ತೆಗೆದುಕೊಳ್ಳಲು ಹೇಳುತ್ತಾರೆ. ಜಿಡಿಪಿಆರ್ ಪ್ರಕಾರ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು. ಭಾರತದಲ್ಲಿ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಯಾರು ಯಾರಿಗೆ ಫೋನ್ ಮಾಡಬೇಕೆಂಬುದೇ ತಿಳಿಯದಿದ್ದರೆ ಈ ಗಡುವುಗಳು ಚರ್ಚೆಯಲ್ಲೇ ಕಳೆದುಹೋಗುತ್ತವೆ. ಒಮ್ಮೆ ಅಭ್ಯಾಸ ಮಾಡಿದ ತಂಡ ನಿಜವಾದ ಸಂಕಟದಲ್ಲಿ ಗಾಬರಿಯಾಗುವುದಿಲ್ಲ.

ಕಾನೂನು ಬದಲಾಗುತ್ತಲೇ ಇರುವುದರಿಂದ ಕಲಿಕೆಯೂ ಮುಗಿಯುವುದಿಲ್ಲ. ಯುರೋಪ್ ಒಕ್ಕೂಟದ ನ್ಯಾಯಾಲಯ ಅಮೆರಿಕಕ್ಕೆ ಮಾಹಿತಿ ಕಳಿಸಲು ಅನುವು ಮಾಡಿದ್ದ ಸೇಫ್ ಹಾರ್ಬರ್ ವ್ಯವಸ್ಥೆಯನ್ನು 2015ರಲ್ಲೂ ಅದರ ಜಾಗಕ್ಕೆ ಬಂದ ಪ್ರೈವಸಿ ಶೀಲ್ಡ್ ವ್ಯವಸ್ಥೆಯನ್ನು 2020ರ ಜುಲೈ 16ರಂದೂ ರದ್ದುಪಡಿಸಿದಾಗ, ಅಟ್ಲಾಂಟಿಕ್ ದಾಟಿ ಮಾಹಿತಿ ಕಳಿಸುತ್ತಿದ್ದ ಸಾವಿರಾರು ಸಂಸ್ಥೆಗಳು ಹೊಸ ಕರಾರುಗಳಿಗೆ ಹೊರಳಬೇಕಾಯಿತು. ಹಿಂದಿನ ದಿನದವರೆಗೆ ಸರಿಯಾಗಿದ್ದ ಪಾಠ ಮರುದಿನಕ್ಕೆ ತಪ್ಪಾಯಿತು.

ಭಾರತದಲ್ಲಿ

ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿ, ಸೂಕ್ಷ್ಮ ವೈಯಕ್ತಿಕ ಮಾಹಿತಿಯನ್ನು ಕಾಪಾಡದ ಕಂಪನಿಗಳು ಪರಿಹಾರ ಕೊಡಬೇಕೆಂಬ 43ಎ ಸೆಕ್ಷನ್ ಸೇರಿಸಿತು. 2011ರಲ್ಲಿ ಸೂಕ್ಷ್ಮ ವೈಯಕ್ತಿಕ ಮಾಹಿತಿಯ ನಿಯಮಗಳು ಬಂದವು. ಸಾಫ್ಟ್‌ವೇರ್ ಉದ್ಯಮದ ಸಂಘಟನೆ ನಾಸ್ಕಾಂ 2008ರಲ್ಲಿ ಸ್ಥಾಪಿಸಿದ ಡೇಟಾ ಸೆಕ್ಯುರಿಟಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಡಿಎಸ್‌ಸಿಐ, ಭಾರತದ ಉದ್ಯಮಕ್ಕೆ ಹೊಂದುವ ಖಾಸಗಿತನದ ಚೌಕಟ್ಟೊಂದನ್ನು ರೂಪಿಸಿ, ಡಿಸಿಪಿಪಿ, ಡಿಸಿಪಿಎಲ್‌ಎ ಎಂಬ ಪ್ರಮಾಣಪತ್ರಗಳನ್ನು ಆರಂಭಿಸಿತು. ಅದರ ವಾರ್ಷಿಕ ಮಾಹಿತಿ ಭದ್ರತಾ ಸಮ್ಮೇಳನ ದೇಶದ ಪ್ರಮುಖ ಕಾರ್ಯಕ್ರಮಗಳಲ್ಲಿ ಒಂದು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿ ಈ ತೀರ್ಪಿಗೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದತ್ತಾಂಶ ಸಂರಕ್ಷಣೆ ಕುರಿತು ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ಜುಲೈನಲ್ಲಿ ವರದಿ ಮತ್ತು ಕರಡು ಮಸೂದೆಯನ್ನು ಕೊಟ್ಟಿತು. 2019ರ ಮಸೂದೆಯನ್ನು 2022ರಲ್ಲಿ ಹಿಂಪಡೆದ ಮೇಲೆ, ಈಗಿರುವ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 2025ರ ನವೆಂಬರ್‌ನಲ್ಲಿ ನಿಯಮಗಳು ಅಧಿಸೂಚನೆಗೊಂಡವು. ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿಗೆ ಬಂದರೆ, ಸಂಸ್ಥೆಗಳ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ, ಅಂದರೆ 2027ರ ಮೇ ತಿಂಗಳವರೆಗಿನ, ಕಾಲಾವಕಾಶ ಸಿಕ್ಕಿತು.

ಈ ಕಾಯ್ದೆ ಮಾಹಿತಿ ಪಡೆಯುವ ಸಂಸ್ಥೆಯನ್ನು ‘ಡೇಟಾ ಫಿಡ್ಯೂಷಿಯರಿ’ ಎನ್ನುತ್ತದೆ: ಇತರರ ಮಾಹಿತಿಯನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು. ಸೂಕ್ತ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ, ಕಾಯ್ದೆ ವಿನಾಯಿತಿ ಕೊಟ್ಟ ಸಂದರ್ಭಗಳನ್ನು ಬಿಟ್ಟರೆ, ಪರಿಶೀಲಿಸಬಹುದಾದ ರೀತಿಯಲ್ಲಿ ಹೆತ್ತವರ ಒಪ್ಪಿಗೆ ಬೇಕು. ಸರ್ಕಾರ ‘ಮಹತ್ವದ’ ಎಂದು ಗುರುತಿಸುವ ಸಂಸ್ಥೆಗಳು ಭಾರತದಲ್ಲಿ ನೆಲೆಸಿದ ದತ್ತಾಂಶ ಸಂರಕ್ಷಣಾ ಅಧಿಕಾರಿಯನ್ನೂ ಸ್ವತಂತ್ರ ಪರಿಶೋಧಕರನ್ನೂ ನೇಮಿಸಬೇಕು. ಸೂಕ್ತ ತಾಂತ್ರಿಕ ಮತ್ತು ಸಾಂಸ್ಥಿಕ ಕ್ರಮ ಕೈಗೊಳ್ಳಬೇಕೆಂಬ ನಿಬಂಧನೆ ಎಲ್ಲ ಸಂಸ್ಥೆಗಳಿಗೂ ಇದೆ. ಸಿಬ್ಬಂದಿಗೆ ಕಲಿಸದೆ ಸಾಂಸ್ಥಿಕ ಕ್ರಮ ಪೂರ್ಣವಾಗದು.

ಕರ್ನಾಟಕದಲ್ಲಿ

ಯುರೋಪ್ ಮತ್ತು ಅಮೆರಿಕದ ಗ್ರಾಹಕರ ಮಾಹಿತಿಯನ್ನು ನಿರ್ವಹಿಸುವ ಬೆಂಗಳೂರಿನ ಐಟಿ ಕಂಪನಿಗಳಿಗೆ ಜಿಡಿಪಿಆರ್ ಮತ್ತು ಹಿಪಾ ತರಬೇತಿ ಭಾರತೀಯ ಕಾಯ್ದೆ ಬರುವ ಮುಂಚೆಯೇ ಪರಿಚಿತ. 2008ರಲ್ಲಿ ನಗರದಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2013ರಲ್ಲಿ ವಾಣಿಜ್ಯೋದ್ಯಮ ಮಹಾಸಂಘ ಎಫ್‌ಐಸಿಸಿಐ ಮತ್ತು ಡಿಎಸ್‌ಸಿಐ ಜೊತೆಗೂಡಿ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಖಾಸಗಿತನದ ದುಂಡುಮೇಜಿನ ಸಭೆಗಳನ್ನು ನಡೆಸಿತು. ಶ್ರೀಕೃಷ್ಣ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿದ ನಗರಗಳಲ್ಲಿ ಬೆಂಗಳೂರೂ ಒಂದು. ಡಿಎಸ್‌ಸಿಐಯ ಬೆಸ್ಟ್ ಪ್ರ್ಯಾಕ್ಟಿಸಸ್ ಮೀಟ್ ಹಲವು ವರ್ಷ ಇಲ್ಲಿ ನಡೆದಿದೆ. ಐಎಪಿಪಿಯ ಸ್ಥಳೀಯ ಬಳಗವೂ ಇದೆ. 2018ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಫ್‌ಡಿಪಿಪಿಐ ಎಂಬ ಸಂಸ್ಥೆ ಭಾರತೀಯ ಕಾನೂನನ್ನೇ ಕೇಂದ್ರವಾಗಿಟ್ಟುಕೊಂಡ ಪ್ರಮಾಣಪತ್ರಗಳನ್ನು ಕೊಡುತ್ತದೆ, ದತ್ತಾಂಶ ಸಂರಕ್ಷಣೆ ಕುರಿತ ವಾರ್ಷಿಕ ಸಮ್ಮೇಳನವನ್ನೂ ಏರ್ಪಡಿಸುತ್ತದೆ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಸೈಬರ್ ಕಾನೂನಿನಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸಿಕೊಂಡು ಬಂದಿದೆ.

ಹೊಸ ಕಾಯ್ದೆಯಿಂದ ಕನ್ನಡಕ್ಕೂ ಒಂದು ಅವಕಾಶ ದೊರೆತಿದೆ. ಸೂಚನಾಪತ್ರವನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ನಾಗರಿಕರಿಗೆ ಕೊಡಬೇಕು. ಹಾಗಾಗಿ ಕನ್ನಡದಲ್ಲಿ ನಿಖರವಾಗಿ, ಸಾಮಾನ್ಯ ಓದುಗರಿಗೆ ಅರ್ಥವಾಗುವಂತೆ ಸೂಚನಾಪತ್ರ ಬರೆಯಬಲ್ಲವರು ಬೇಕಾಗುತ್ತಾರೆ. ಕಾನೂನು ಬಲ್ಲ ಕನ್ನಡ ಬರಹಗಾರರಿಗೂ ಭಾಷಾ ವಿಭಾಗಗಳಿಗೂ ಇದು ಹೊಸ ಕೆಲಸ.

ಮಿತಿಗಳು ಮತ್ತು ಮುಂದಿನ ದಾರಿ

ಈ ಕ್ಷೇತ್ರದ ಮೇಲಿನ ಮುಖ್ಯ ಟೀಕೆಗಳು ಮೂರು. ಅಂತರರಾಷ್ಟ್ರೀಯ ಪರೀಕ್ಷೆ ಮತ್ತು ಸಮ್ಮೇಳನಗಳ ಶುಲ್ಕ ದೊಡ್ಡ ಕಂಪನಿಗಳಿಗಷ್ಟೇ ಕೈಗೆಟುಕುತ್ತದೆ. ಸಾಫ್ಟ್‌ವೇರ್ ಮಾರುವ ಪ್ರಾಯೋಜಕರು ವೇದಿಕೆ ಹಂಚಿಕೊಂಡಾಗ ಪಾಠ ಮತ್ತು ಪ್ರಚಾರದ ನಡುವಿನ ಗೆರೆ ಮಸುಕಾಗುತ್ತದೆ. ಮೂರನೆಯದು, ವರ್ಷಕ್ಕೊಮ್ಮೆ ವಿಡಿಯೊ ತೋರಿಸಿ ಹತ್ತು ಪ್ರಶ್ನೆ ಕೇಳಿ ದಾಖಲೆ ಭರ್ತಿ ಮಾಡುವ ಪದ್ಧತಿ. ಪರಿಶೋಧಕರಿಗೆ ತೋರಿಸಲು ಅದು ಸಾಕಾದರೂ ನೌಕರರ ನಡವಳಿಕೆಯನ್ನು ಬದಲಿಸುವುದಿಲ್ಲ. ಕೆಲಸಕ್ಕೆ ತಕ್ಕ ಪಾಠವಷ್ಟೇ ಮನಸ್ಸಿನಲ್ಲಿ ನಿಲ್ಲುತ್ತದೆ: ಮಾನವ ಸಂಪನ್ಮೂಲ ವಿಭಾಗಕ್ಕೆ ಉದ್ಯೋಗಾಕಾಂಕ್ಷಿಗಳ ಅರ್ಜಿಗಳ ಬಗ್ಗೆ, ದಾದಿಯರಿಗೆ ರೋಗಿಯ ದಾಖಲೆಯ ಬಗ್ಗೆ, ಪ್ರೋಗ್ರಾಮರ್‌ಗಳಿಗೆ ಪರೀಕ್ಷಾ ದತ್ತಾಂಶದ ಬಗ್ಗೆ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ತರಬೇತಿ ಯಾರವರೆಗೆ ತಲುಪುತ್ತದೆ ಎಂಬುದು. ಕರ್ನಾಟಕದ ಬಹುಪಾಲು ಜನ ತಮ್ಮ ಮಾಹಿತಿಯನ್ನು ಒಪ್ಪಿಸುವುದು ಗ್ರಾಮ ಒನ್ ಕೇಂದ್ರದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ, ಸಿಮ್ ಮಾರುವ ಮಳಿಗೆಯಲ್ಲಿ, ಶಾಲೆಯ ಕಚೇರಿಯಲ್ಲಿ. ಆಧಾರ್ ಪ್ರತಿ ಎಷ್ಟು ದಿನ ಇಟ್ಟುಕೊಳ್ಳಬಹುದು, ಫಲಾನುಭವಿಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದೇ, ಗರ್ಭಿಣಿಯರ ವಿವರವನ್ನು ಯಾರಿಗೆಲ್ಲ ತೋರಿಸಬಹುದು ಎಂಬ ಪ್ರಶ್ನೆಗಳು ಅಲ್ಲಿ ದಿನಾ ಎದುರಾಗುತ್ತವೆ. ಪಂಚತಾರಾ ಹೋಟೆಲಿನ ಸಮ್ಮೇಳನಗಳಲ್ಲಿ ರೂಪುಗೊಂಡ ಜ್ಞಾನ ಈ ಮೇಜುಗಳಿಗೆ ಕನ್ನಡದಲ್ಲಿ, ಉಚಿತವಾಗಿ, ಅರ್ಧ ದಿನದ ಪಾಠವಾಗಿ ಇಳಿದು ಬರಬೇಕು. ಸಿಎನ್‌ಐಎಲ್ ಮಾದರಿಯ ಮುಕ್ತ ಕೋರ್ಸನ್ನು ಕನ್ನಡದಲ್ಲಿ ಸಿದ್ಧಪಡಿಸಲು ಬೇಕಾದ ಕಾನೂನು ಪಂಡಿತರು, ತಂತ್ರಜ್ಞರು, ಶಿಕ್ಷಕರು ರಾಜ್ಯದಲ್ಲೇ ಇದ್ದಾರೆ. ಆ ಕೆಲಸಕ್ಕೆ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಮುಂದಾಗಬೇಕು. ಖಾಸಗಿತನ ಪ್ರತಿಯೊಬ್ಬ ನಾಗರಿಕರ ಮೂಲಭೂತ ಹಕ್ಕಾಗಿರುವ ದೇಶದಲ್ಲಿ ಅದನ್ನು ಕಾಪಾಡುವ ವಿದ್ಯೆ ಪ್ರಮಾಣಪತ್ರ ಕೊಳ್ಳಬಲ್ಲವರ ಸ್ವತ್ತಾಗಿ ಉಳಿಯಬಾರದು.